ನಮ್ಮದಲ್ಲದ ಕೋಣೆ

ಜೂನ್ ೪, ಬುಧವಾರ

ಮನೆ ಕಂದಾಯದ ನೋಟಿಸು ಬಂದಿದೆ. ಹೋದ ವರ್ಷದ ಒಂದೂವರೆ ಪಟ್ಟು. ಕಾರಣ ಓದಿ ಮೈಯೆಲ್ಲಾ ಉರಿದುಹೋಯಿತು: "ಮೊದಲ ಮಹಡಿಯಲ್ಲಿ ಒಂದು ಕೋಣೆ, ಚಾವಣಿ ಸಹಿತ." ನಮ್ಮ ಮನೆಗೆ ಮೊದಲ ಮಹಡಿ ಎಲ್ಲಿಂದ ಬಂತು? ತಾರಸಿಯ ಮೇಲೆ ಇರುವುದು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಇವತ್ತಲ್ಲ ನಾಳೆ ರಿಪೇರಿ ಮಾಡುತ್ತೇನೆಂದು ನಮ್ಮವರು ಎತ್ತಿಟ್ಟಿರುವ ಮುರುಕು ಕುರ್ಚಿ. ಕುರ್ಚಿಗೂ ಕಂದಾಯ ಹಾಕಿದರೋ ಏನೋ.

ನಮ್ಮವರು ಬಸ್ಸು ಓಡಿಸಿ ದಣಿದು ಬಂದಿದ್ದರು. ಕಾಲು ಚಾಚಿಕೊಂಡು ಓದಿ, "ಏನೋ ತಪ್ಪಾಗಿದೆ. ಹೋಗಿ ಹೇಳಿದ್ರೆ ಆಯ್ತು," ಅಂದರು. ಈ ಮನುಷ್ಯನಿಗೆ ಪ್ರಪಂಚದಲ್ಲಿ ಎಲ್ಲವೂ ಹೋಗಿ ಹೇಳಿದರೆ ಆಯ್ತು. ಹೋಗುವವಳು ನಾನು, ಹೇಳುವವಳೂ ನಾನು.

ಗೋಡೆಯಾಚೆ ಹೊಲಿಗೆಯವಳ ಮಿಷನ್ನು ಮಧ್ಯಾಹ್ನದಿಂದ ಕಟಕಟ ಅನ್ನುತ್ತಲೇ ಇದೆ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ. ತಲೆನೋವು ಬಂದಾಗ ಆ ಸದ್ದು ನನ್ನ ತಲೆಯೊಳಗೇ ಓಡುತ್ತದೆ.

ಜೂನ್ ೬, ಶುಕ್ರವಾರ

ಹಲ್ಲಿನ ಡಾಕ್ಟರರ ಹತ್ತಿರ ಅರ್ಧ ದಿನ ರಜೆ ಕೇಳಿದೆ. ನಾನು ಕೌಂಟರಿನಲ್ಲಿ ಇಲ್ಲದಿದ್ದರೆ ರೋಗಿಗಳು ಒಬ್ಬರ ಮೇಲೊಬ್ಬರು ನುಗ್ಗುತ್ತಾರೆಂದು ಗೊಣಗಿಕೊಂಡೇ ಕೊಟ್ಟರು. ಕಂದಾಯದ ಕಚೇರಿಯಲ್ಲಿ ಒಬ್ಬ ಹೆಂಗಸು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ ಮೇಲಿನಿಂದ ತೆಗೆದ ಫೋಟೋ ತೋರಿಸಿದಳು. "ಇದು ನಿಮ್ಮ ಮನೆ. ಇದು ನಿಮ್ಮ ಕೋಣೆ."

ನೋಡಿದ ಕೂಡಲೇ ಗೊತ್ತಾಯಿತು. ನೀಲಿ ತಗಡಿನ ಚಾವಣಿ. ಹೊಲಿಗೆಯವಳು ಮಿಷನ್ನು ಇಡಲು ತನ್ನ ತಾರಸಿಯ ಮೇಲೆ ಕಟ್ಟಿಸಿಕೊಂಡ ಕೋಣೆ. ಅಲ್ಲಿಂದಲೇ ಆ ಕಟಕಟ ಗೋಡೆಯಲ್ಲಿ ಇಳಿದು ಬರುವುದು. ಅದರ ಸೂರು ನಮ್ಮ ಕಡೆಗೂ ಒಂದು ಮೊಳ ಚಾಚಿಕೊಂಡಿದೆ. ಮೇಲಿನಿಂದ ನೋಡಿದವರಿಗೆ ಅವಳ ಮನೆ ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರುವಾಯಿತು ಅಂತ ಹೇಗೆ ತಿಳಿಯಬೇಕು?

"ಇದು ನಮ್ಮದಲ್ಲ," ಅಂದೆ. ಯಾರದು ಅಂತ ಹೇಳಲಿಲ್ಲ. "ಹಾಗಾದ್ರೆ ಅರ್ಜಿ ಕೊಡಿ. ಸಾಹೇಬರು ಕರೆದಾಗ ಬಂದು ಹೇಳಿ," ಅಂದಳು.

ಸಂಜೆ ನನ್ನ ನೀಲಿ ಕೋಟು ಕೇಳಲು ಹೊಲಿಗೆಯವಳ ಹತ್ತಿರ ಹೋದೆ. ಕ್ಲಿನಿಕ್ಕಿನಲ್ಲಿ ಏಸಿ ಹಾಕಿ ಹಾಕಿ ಹೆಣ ಇಡುವ ಕೋಣೆಯ ಹಾಗೆ ಮಾಡಿರುತ್ತಾರೆ, ಕೋಟಿಲ್ಲದೆ ಕೂರಲಾಗುವುದಿಲ್ಲ. ಸೊಂಟದ ಹತ್ತಿರ ಸಡಿಲ ಮಾಡಿ ತೋಳು ಮಡಿಚಲು ಕೊಟ್ಟು ಎಷ್ಟೋ ದಿನವಾಯಿತು. ಕೊಡುವಾಗ, ಕನ್ನಡಕ ಇಟ್ಟುಕೊಳ್ಳಲು ಒಂದು ಒಳಜೇಬು ಸಿಕ್ಕಿದರೆ ಚೆನ್ನಾಗಿತ್ತು ಅಂದಿದ್ದೆ. "ಈ ಬಟ್ಟೇಲಿ ಜಾಗ ಎಲ್ಲಿದೆ ಅಕ್ಕ?" ಅಂದಿದ್ದಳು. ಸೋಮವಾರವೇ ಕೊಡುತ್ತೇನೆಂದಿದ್ದವಳು ಇವತ್ತು, "ಇನ್ನೆರಡು ದಿನ ಅಕ್ಕ, ಸ್ವಲ್ಪ ಕೆಲಸ ಬಾಕಿ," ಅಂತ ರಾಗ ಎಳೆದಳು. ಎದುರಿಗೆ ಬೇರೆಯವರ ಬಟ್ಟೆ ರಾಶಿ ಬಿದ್ದಿತ್ತು. ನನ್ನ ಹತ್ತಿರ ಅವಳು ಯಾವತ್ತೂ ದುಡ್ಡು ತೆಗೆದುಕೊಂಡವಳಲ್ಲ. ಕೊಡಲು ಹೋದರೆ "ನಮ್ಮನಮ್ಮಲ್ಲಿ ಎಂಥ ದುಡ್ಡು" ಅನ್ನುತ್ತಾಳೆ. ದುಡ್ಡಿಲ್ಲದ ಕೆಲಸ ರಾಶಿಯ ತಳಕ್ಕೇ ಹೋಗುತ್ತದೆ ಅಂತ ಇವತ್ತು ಗೊತ್ತಾಯಿತು.

ಕಂದಾಯ ಏರಿದ್ದನ್ನು ಹೇಳಿದೆ, ಕೋಣೆಯ ವಿಷಯ ಎತ್ತಲಿಲ್ಲ. ಅವಳು ಬಾಯ್ತುಂಬಾ ನಕ್ಕಳು. "ಮನೆ ಬೆಲೆ ಏರಿತು ಅಂತಾಯ್ತು! ಸಿಹಿ ಹಂಚಬೇಕು ನೀವು." ಅವಳ ನಾದಿನಿಯೂ ನಕ್ಕಳು, ಗುಂಡಿಗೆ ಕಾಜಾ ಹಾಕಲು ಕೆಲಸಕ್ಕೆ ಬರುವವಳೂ ನಕ್ಕಳು. ನಾನೂ ಹಲ್ಲು ಬಿಟ್ಟೆ. ಮನೆಗೆ ಬಂದ ಮೇಲೂ ಆ ನಗು ಕಿವಿಯಲ್ಲೇ ಇತ್ತು.

ಜೂನ್ ೧೦, ಮಂಗಳವಾರ

ಅರ್ಜಿ ಕೊಟ್ಟೆ. "ನಮ್ಮ ಮನೆ ಮೇಲೆ ಕೋಣೆ ಇಲ್ಲ, ಬಂದು ನೋಡಿ ಅಂತ ಬರಿ, ಸಾಕು," ಅಂದರು ನಮ್ಮವರು. ಅಷ್ಟನ್ನೇ ಬರೆದೆ. ಕೋಟು ಬಂದಿಲ್ಲ.

ಜೂನ್ ೧೯, ಗುರುವಾರ

ಗೆದ್ದ ಹಾಗೇ ಲೆಕ್ಕ!

ಸಾಹೇಬರು ಒಬ್ಬ ತೆಳ್ಳಗಿನ ಮನುಷ್ಯ. ಕೈಯಲ್ಲಿ ಪೆನ್ನು ಹಿಡಿದು ಅದರ ತಲೆಯನ್ನು ಟಿಕ್ ಟಿಕ್ ಅಂತ ಒತ್ತುತ್ತಲೇ ಇರುತ್ತಾರೆ. ಅವರಿಗೆ ಟಿಕ್‌ಟಿಕ್ ಸಾಹೇಬರು ಅಂತ ಹೆಸರಿಟ್ಟಿದ್ದೇನೆ. ಕೋಣೆ ನಮ್ಮದಲ್ಲ ಅಂದೆ. ಫೋಟೋ ನೋಡಿದರು, ನನ್ನನ್ನು ನೋಡಿದರು. "ಇಲ್ಲಿಗೆ ಬರೋರೆಲ್ಲ ಇದನ್ನೇ ಹೇಳೋದು. ನಮ್ಮದಲ್ಲ, ನಮ್ಮದಲ್ಲ. ಮತ್ತೆ ಕೋಣೆ ಏನು ಹಾರ್ಕೊಂಡು ಬಂತಾ?" ಹಿಂದೆ ಕಾಯುತ್ತಿದ್ದವರು ನಕ್ಕರು.

ಇನ್ನೊಂದು ಸಲ ನಗು. ತಡೆಯಲಾಗಲಿಲ್ಲ. ಪಕ್ಕದ ಮನೆಯವಳದ್ದು ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಬರೀ ಕೋಣೆಯಲ್ಲ ಸಾರ್, ಕಾರ್ಖಾನೆ ಅಂದೆ. ಆರು ಜನ ಕೆಲಸಕ್ಕಿದ್ದಾರೆ, ಬೆಳಗ್ಗೆಯಿಂದ ರಾತ್ರಿವರೆಗೆ ಮಿಷನ್ನು ನಿಲ್ಲುವುದಿಲ್ಲ, ಗಾಡಿಗಟ್ಟಲೆ ಬಟ್ಟೆ ಬರುತ್ತದೆ, ಹೋಗುತ್ತದೆ ಅಂದೆ. ಟಿಕ್ ಟಿಕ್ ನಿಂತಿತು. ಬರೆದುಕೊಳ್ಳಲು ಶುರು ಮಾಡಿದರು. ನನ್ನ ಮಾತನ್ನು ಯಾರಾದರೂ ಹಾಗೆ ಬರೆದುಕೊಂಡು ಎಷ್ಟು ವರ್ಷವಾಯಿತೋ. "ಸಹಿ ಮಾಡ್ತೀರಾ?" ಅಂದರು. ಮಾಡಿದೆ.

ಹಿಂದಿರುಗುವಾಗ ಒಂದು ತುಂಡು ಕೇಕು ತಂದೆ. ಅಷ್ಟರಲ್ಲಿ ಮಳೆ ಸುರಿದಿತ್ತು. ತಾರಸಿಗೆ ಓಡಿದರೆ ತಂತಿಯ ಮೇಲೆ ಬಟ್ಟೆ ಇಲ್ಲ. ಹೊಲಿಗೆಯವಳು ತನ್ನ ಕಡೆಯಿಂದ ಕೈ ಚಾಚಿ ಎಲ್ಲವನ್ನೂ ಎತ್ತಿ, ಮಡಿಸಿ, ಸೂರಿನ ಕೆಳಗೆ ಮುರುಕು ಕುರ್ಚಿಯ ಮೇಲೆ ಇಟ್ಟಿದ್ದಳು. ನಮ್ಮವರ ಯೂನಿಫಾರಂ ಅಂಗಿಗೆ ಬಿದ್ದುಹೋಗಿದ್ದ ಗುಂಡಿ ಕೂಡ ಹಾಕಿದ್ದಳು.

ಕೇಕನ್ನು ನಮ್ಮವರೇ ತಿಂದರು. ನನಗೆ ಯಾಕೋ ಸೇರಲಿಲ್ಲ.

ಜೂನ್ ೨೦, ಶುಕ್ರವಾರ

ಆರು ಜನ ಅಂದೆ. ಇರುವುದು ಇಬ್ಬರು.

ಜುಲೈ ೮, ಮಂಗಳವಾರ

ಆದೇಶ ಬಂತು. ಕೋಣೆಯನ್ನು ನಮ್ಮ ಲೆಕ್ಕದಿಂದ ತೆಗೆದಿದ್ದಾರೆ. ಕಂದಾಯ ಹಳೆಯಷ್ಟೇ.

"ಹೇಗೆ ಗೆದ್ದೆ?" ಅಂತ ನಮ್ಮವರು ಕೇಳಿದರು. "ಇದ್ದದ್ದು ಇದ್ದ ಹಾಗೆ ಹೇಳಿದೆ," ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ನಾನು ಒಲೆಯ ಮೇಲೆ ಹಾಲಿದೆ ಅಂತ ಎದ್ದು ಹೋದೆ. ಹಾಲಿಟ್ಟಿರಲಿಲ್ಲ.

ಕೋಟಿನ ನೆನಪು ಬಂತು. ಈಗ ಹೋಗಿ ಕೇಳುವುದು ಬೇಡ ಅನ್ನಿಸಿತು. ಕ್ಲಿನಿಕ್ಕಿನಲ್ಲಿ ಶಾಲು ಹೊದ್ದುಕೊಂಡು ಕೂರುತ್ತಿದ್ದೇನೆ.

ಜುಲೈ ೨೧, ಸೋಮವಾರ

ಅವಳ ಮನೆಗೆ ಅಳತೆ ಟೇಪು ಹಿಡಿದು ಇಬ್ಬರು ಬಂದಿದ್ದರು. ಪರದೆಯ ಸಂದಿಯಿಂದ ನೋಡಿದೆ, ಕಳ್ಳಿಯ ಹಾಗೆ. ಅವಳು ಅವರಿಗೆ ಕುಡಿಯಲು ನೀರು ಕೊಟ್ಟಳು, ಮೇಲೆ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದಳು. ಮನೆ ಸರಿಯಾಗಿ ಕಾಣಲೆಂದು ದೀಪ ಬೇರೆ ಹಾಕಿದಳು. ಕಾಜಾದವಳು ಹೊರಗೆ ನಿಂತು ಉಗುರು ಕಚ್ಚುತ್ತಿದ್ದಳು. ಅಷ್ಟು ಹೊತ್ತೂ ಮಿಷನ್ನು ನಿಂತಿತ್ತು. ಆಮೇಲೂ ಬಹಳ ಹೊತ್ತು ಶುರುವಾಗಲಿಲ್ಲ.

ಆಗಸ್ಟ್ ೨, ಶನಿವಾರ

ಅವಳು ಬಂದಳು.

ಬಾಗಿಲು ತೆಗೆದಾಗ ಅವಳ ಕೈಯಲ್ಲಿ ನೋಟಿಸು ಇತ್ತು. ಕೂತಳು. ಸೆರಗಿಗೆ ಎಳೆದಾರ ಅಂಟಿಕೊಂಡಿತ್ತು. "ಅಕ್ಕ, ನಂಗೆ ವ್ಯಾಪಾರದ ದರ ಹಾಕಿದ್ದಾರೆ. ಕೋಣೆದು ಬೇರೆ. ಇಷ್ಟು ಕಟ್ಟಿದ್ರೆ ನಾನು ಹೊಲಿದಿದ್ದೆಲ್ಲ ಅವರಿಗೇ ಹೋಗತ್ತೆ. ಮಿಷನ್ನು ಮಾರ್ಬೇಕು, ಇನ್ನೇನು."

ನಾನು ನೀರು ತಂದುಕೊಟ್ಟೆ. ಬೇರೇನು ಮಾಡಲಿ?

"ಕೋಣೆ ಕಂದಾಯ ಕಟ್ತೀನಿ ಅಕ್ಕ, ಅದು ನ್ಯಾಯ. ನಾನು ಹೇಳದೇ ಇದ್ದಿದ್ದು ನನ್ನದೇ ತಪ್ಪು. ಆದ್ರೆ ಕಾರ್ಖಾನೆ ಅಂತೆ! ಆರು ಜನ ಅಂತೆ! ಅಮ್ಮನ್ನೂ ಬೆಕ್ಕನ್ನೂ ಸೇರಿಸಿದ್ರೂ ಆರಾಗಲ್ಲ ನಾವು. ಯಾರೋ ಹೋಗಿ ಚುಚ್ಚಿಕೊಟ್ಟಿದ್ದಾರೆ." ಸೆರಗಿನ ದಾರ ಕಿತ್ತುಹಾಕುತ್ತಾ, "ನಂಗೇನೋ ಆ ದಿನಸಿ ಅಂಗಡಿಯವನ ಮೇಲೇ ಅನುಮಾನ. ಮೂಲೇಲಿ ಕೂತು ಬರೋರು ಹೋಗೋರನ್ನ ನೋಡ್ತಾನೇ ಇರ್ತಾನೆ. ಪ್ಯಾಂಟು ಗಿಡ್ಡ ಆಯ್ತು ಅಂತ ಜಗಳ ಆಡಿದ್ನಲ್ಲ, ಆ ಸಿಟ್ಟು. ಅಲ್ವಾ ಅಕ್ಕ?"

"ಇರಬಹುದು," ಅಂದೆ.

ಆ ಮಾತು ನನ್ನ ಬಾಯಿಂದಲೇ ಬಂತು.

"ನೀವು ನಿಮ್ಮದು ಗೆದ್ರಿ. ಏನು ಬರೀಬೇಕು ಅಂತ ನಿಮಗೆ ಗೊತ್ತು. ನಂದೂ ನೀವೇ ಬರೆದುಕೊಡಿ ಅಕ್ಕ. ಹದಿಮೂರಕ್ಕೆ ಬರೋಕೆ ಹೇಳಿದ್ದಾರೆ, ಜೊತೇಗೂ ಬನ್ನಿ. ನಂಗೆ ಆ ಜನರ ಮುಂದೆ ಮಾತೇ ಹೊರಡಲ್ಲ." ಹೂಂ ಅಂದೆ. ಹೋಗುವಾಗ ಬಾಗಿಲಲ್ಲಿ ತಿರುಗಿ, "ನಿಮ್ಮ ಕೋಟು ಇದೆ ಅಕ್ಕ, ಈ ಗಲಾಟೇಲಿ ಇಸ್ತ್ರಿ ಒಂದು ಉಳಿದುಬಿಟ್ಟಿದೆ," ಅಂದಳು.

ಆಗಸ್ಟ್ ೪, ಸೋಮವಾರ

ಊಟದ ಹೊತ್ತಿನಲ್ಲಿ ಕ್ಲಿನಿಕ್ಕಿನ ಕೌಂಟರಿನಲ್ಲೇ ಕೂತು ಅವಳ ಅರ್ಜಿ ಬರೆದೆ. ಸಲೀಸಾಗಿ ಬಂತು. ಬಾರದೆ ಏನು? ಅವರ ಪ್ರತಿ ಆಪಾದನೆಯೂ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಗಾಡಿಗಟ್ಟಲೆ ಬಟ್ಟೆ ಬರುವುದಿಲ್ಲ, ಅಕ್ಕಪಕ್ಕದವರು ಕೈಚೀಲದಲ್ಲಿ ತರುತ್ತಾರೆ. ಆರು ಜನ ಇಲ್ಲ, ಒಬ್ಬಳು ನಾದಿನಿ, ಒಬ್ಬಳು ಕಾಜಾದವಳು. ರಾತ್ರಿ ಮಿಷನ್ನು ಓಡುವುದಿಲ್ಲ, ಅವಳ ಅಮ್ಮನಿಗೆ ನಿದ್ದೆ ಬರುವುದಿಲ್ಲವೆಂದು ದೀಪ ಹಚ್ಚುವ ಹೊತ್ತಿಗೆ ನಿಲ್ಲಿಸುತ್ತಾಳೆ. ಈ ಎಲ್ಲವೂ ನನಗೆ ಜೂನ್‌ನಲ್ಲೂ ಗೊತ್ತಿತ್ತು.

ಡಾಕ್ಟರು ಬಂದು ಇಣುಕಿ, "ಏನಮ್ಮಾ, ಕಣ್ಣಲ್ಲಿ ನೀರು? ಹಲ್ಲು ನೋವಾ?" ಅಂದರು. ಹೌದು ಅಂದುಬಿಟ್ಟೆ. ಸುಮ್ಮನೆ ಕುರ್ಚಿಯ ಮೇಲೆ ಮಲಗಿಸಿ ಬಾಯಿ ತೆಗೆಸಿ ನೋಡಿದರು. ಎಲ್ಲಾ ಹಲ್ಲೂ ಗಟ್ಟಿಯಾಗಿವೆಯಂತೆ.

ತೀರ್ಮಾನ ಆಗುವವರೆಗೆ ಬರಬೇಡ ಅಂತ ಕಾಜಾದವಳನ್ನು ಕಳಿಸಿದ್ದಾಳೆ. ಈಗ ಗೋಡೆಯಾಚೆ ಮಿಷನ್ನಿನ ಸದ್ದು ತಡೆದು ತಡೆದು ಬರುತ್ತದೆ.

ಆಗಸ್ಟ್ ೧೨, ಮಂಗಳವಾರ

ಇವತ್ತು ಅವಳು ದಿನಸಿ ಅಂಗಡಿಯ ಮುಂದೆ ನಿಂತು ಜಗಳ ತೆಗೆದಳು. ಬೀದಿಯವರೆಲ್ಲ ಬಾಗಿಲಿಗೆ ಬಂದರು. "ನನ್ನ ಅನ್ನಕ್ಕೆ ಕಲ್ಲು ಹಾಕಿ ನಿನಗೇನು ಸಿಕ್ತು?" ಅಂತ ಕೂಗಿದಳು. ಅಂಗಡಿಯವನು ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ತಾಯಾಣೆ ನಾನಲ್ಲಮ್ಮ," ಅಂದ. ಯಾರೂ ನಂಬಲಿಲ್ಲ. ಒಬ್ಬ ಗಿರಾಕಿ ಕೈಲಿದ್ದ ಸಾಮಾನು ಅಲ್ಲೇ ಇಟ್ಟು ಹೊರಟುಹೋದ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಪರದೆ ಎಳೆದೆ.

ತಿರುಗಿದರೆ ನಮ್ಮವರು ಹಿಂದೆಯೇ ನಿಂತಿದ್ದಾರೆ.

"ನಾಳೆ ಅವಳ ಜೊತೆ ಹೋಗ್ಬೇಕಲ್ವಾ ನೀನು?"

"ಜ್ವರ ಬಂದ ಹಾಗಿದೆ ರೀ."

ಹಣೆಯ ಮೇಲೆ ಕೈ ಇಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. "ಇಲ್ಲ," ಅಂದರು. ಅಷ್ಟೇ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಅವರಿಗೆ ಗೊತ್ತು.

ಆಗಸ್ಟ್ ೧೩, ಬುಧವಾರ

ಎಲ್ಲವನ್ನೂ ಬರೆಯಬೇಕು. ಒಂದನ್ನೂ ಚಂದ ಮಾಡಿ ಬರೆಯಬಾರದು.

ಅವಳು ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ನಾನು ಬರೆದುಕೊಟ್ಟ ಅರ್ಜಿಯನ್ನು ಓದಿದ್ದನ್ನೇ ಓದುತ್ತಿದ್ದಳು. "ಎಷ್ಟು ಚೆನ್ನಾಗಿ ಬರೆದಿದ್ದೀರಿ ಅಕ್ಕ. ನಮ್ಮ ಮನೆ ಒಳಗೇ ಕೂತು ನೋಡಿದ ಹಾಗಿದೆ." ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಒರಟಾಗಿದೆ. ಅಲ್ಲೇ ಹೇಳಿಬಿಡಬೇಕಿತ್ತು. ಅವಳೊಬ್ಬಳಿಗೇ, ಮೆಲ್ಲಗೆ. ಹೇಳಲಿಲ್ಲ. ಸಾಹೇಬರಿಗೆ ನನ್ನ ಮುಖ ಮರೆತಿರಲಿ ಅಂತಲೇ ಕೇಳಿಕೊಳ್ಳುತ್ತಿದ್ದೆ.

ಒಳಗೆ ಕರೆದರು. ಟಿಕ್‌ಟಿಕ್ ಸಾಹೇಬರು ತಲೆ ಎತ್ತಿದರು, ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನೀವು..." ಅಂದರು. ನೆನಪಾಗುತ್ತಿದೆ ಅಂತ ಗೊತ್ತಾಯಿತು. ಅವರು ಹೇಳುವುದಕ್ಕೆ ಮುಂಚೆ ನಾನು ಹೇಳಿದೆ. ಅದು ಧೈರ್ಯವಲ್ಲ, ಸಿಕ್ಕಿಬೀಳುವ ಭಯ. ಇದನ್ನೂ ಬರೆದಿಡುತ್ತೇನೆ.

"ಆರು ಜನ ಇದ್ದಾರೆ ಅಂತ ಸಹಿ ಮಾಡಿ ಹೇಳಿದವಳು ನಾನೇ ಸಾರ್. ಅದು ಸುಳ್ಳು. ಇರೋದು ಇಬ್ಬರು. ಕಾರ್ಖಾನೆ ಅಂದಿದ್ದೂ ಸುಳ್ಳು. ಅಂಗಡಿಯವರು ಏನೂ ಹೇಳಿಲ್ಲ. ಎಲ್ಲಾ ನಾನೇ."

ಪಕ್ಕದಲ್ಲಿ ಹಾಳೆಯ ಸದ್ದು ನಿಂತಿತು. ನಾನು ಆ ಕಡೆ ನೋಡಲಿಲ್ಲ.

"ಸುಳ್ಳು ಹೇಳಿಕೆಗೆ ದಂಡ ಇದೆ, ಗೊತ್ತಾ?"

"ಹಾಕಿ ಸಾರ್." ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ. ಏನಾದರೂ ಕೊಟ್ಟುಬಿಡಬೇಕು ಅನ್ನಿಸಿತು. "ಆ ಕೋಣೆ ಕಟ್ಟುವಾಗ, ಕಟ್ಟಿಸು, ಯಾರು ಕೇಳ್ತಾರೆ ಅಂದವಳೂ ನಾನೇ. ಅದರ ಸೂರು ನಮ್ಮ ಕಡೆಗೂ ಬಂದಿದೆ. ಮಳೆ ಬಂದ್ರೆ ನಮ್ಮ ಬಟ್ಟೆ ಉಳಿಯೋದು ಅದರ ಕೆಳಗೇ. ಸೂರಿನ ಕಂದಾಯ ನಮ್ಮ ಲೆಕ್ಕಕ್ಕೆ ಹಾಕಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ಸೂರಿಗೆ ಕಂದಾಯ ಇಲ್ಲ ತಾಯಿ," ಅಂದರು.

ಅವಳ ಕಡೆ ತಿರುಗಿ, ಹೇಳುವುದು ಏನಾದರೂ ಇದೆಯೇ ಅಂತ ಕೇಳಿದರು. "ಇಲ್ಲ ಸಾರ್. ಅವರೇ ಹೇಳಿದ್ರಲ್ಲ," ಅಂದಳು. ದನಿ ಒಂದಿಷ್ಟೂ ಏರಲಿಲ್ಲ.

ಸ್ಟಾಪಿನಲ್ಲಿ ಇಬ್ಬರೂ ದೂರ ದೂರ ನಿಂತೆವು. ಬಂದದ್ದು ನಮ್ಮವರ ಬಸ್ಸೇ. ಅವಳು ಮುಂದೆ ಹೋಗಿ ಕಿಟಕಿ ಪಕ್ಕ ಕೂತಳು. ಪಕ್ಕದ ಸೀಟು ಖಾಲಿ ಇತ್ತು. ನಾನು ಹಿಂದೆ ನಿಂತೇ ಬಂದೆ. ನಮ್ಮವರು ಕನ್ನಡಿಯಲ್ಲಿ ಒಂದು ಸಲ ಅವಳನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಆಮೇಲೆ ರಸ್ತೆ ನೋಡಿದರು.

ಇಳಿದವಳು ನೇರ ದಿನಸಿ ಅಂಗಡಿಗೆ ಹೋದೆ. "ಅದು ನೀವಲ್ಲ, ನಾನು. ಬೀದಿಯವರಿಗೆಲ್ಲ ನಾನೇ ಹೇಳ್ತೀನಿ," ಅಂದೆ. ಅವನು ತಕ್ಕಡಿ ಒರೆಸಿಟ್ಟ. ಆಮೇಲೆ "ಏನು ಕೊಡ್ಲಿ?" ಅಂದ. ಸೋಪು ಕೇಳಿದೆ. ಮನೆಯಲ್ಲಿ ಸೋಪು ಬೇಕಾದಷ್ಟಿದೆ.

ಸಂಜೆ ನಮ್ಮವರು ತಾವೇ ಚಹಾ ಮಾಡಿ ತಂದು ಮುಂದಿಟ್ಟರು. ನಾಚಿಕೆಯಿಂದ ಲೋಟ ಎತ್ತಲು ಕೂಡ ಆಗಲಿಲ್ಲ.

ಆಗಸ್ಟ್ ೨೪, ಭಾನುವಾರ

ಮಳೆ. ಕ್ಲಿನಿಕ್ಕಿನ ಯೂನಿಫಾರಂ ತಂತಿಯ ಮೇಲೆ ತೊಯ್ದು ತೊಪ್ಪೆಯಾಗಿತ್ತು. ಅವಳ ಕಡೆ ಬಾಗಿಲು ಮುಚ್ಚಿತ್ತು.

ಒಂಬತ್ತಾದರೂ ಮಿಷನ್ನು ಶುರುವಾಗಲಿಲ್ಲ. ಭಾನುವಾರವೂ ಒಂಬತ್ತಕ್ಕೆ ಕೂತುಬಿಡುವವಳು. ಮೈ ಹುಷಾರಿಲ್ಲವೋ, ಅಮ್ಮನಿಗೆ ಏನಾದರೂ ಆಯಿತೋ ಅಂತ ಗೋಡೆಗೆ ಕಿವಿ ಇಟ್ಟೆ. ಹತ್ತೂವರೆಗೆ ಶುರುವಾಯಿತು. ಆಮೇಲೆ ಸೊಪ್ಪು ಬಿಡಿಸಲು ಕೂತೆ.

ಸೆಪ್ಟೆಂಬರ್ ೫, ಶುಕ್ರವಾರ

ಎರಡು ಮನೆಗೂ ಆದೇಶ ಬಂದಿದೆ. ಅವಳಿಗೆ ವ್ಯಾಪಾರದ ದರ ತೆಗೆದಿದ್ದಾರೆ, ಕೋಣೆಯದ್ದು ಮಾತ್ರ ಉಳಿದಿದೆ. ನನಗೆ ದಂಡ. ಮಧ್ಯಾಹ್ನವೇ ಹೋಗಿ ಕಟ್ಟಿಬಂದೆ. ಕೌಂಟರಿನ ಹೆಂಗಸು ರಸೀದಿ ಕೊಡುವಾಗ ಮೇಲೆ ಕೆಳಗೆ ನೋಡಿದಳು. ನೋಡಲಿ. ಕಾಜಾದವಳು ವಾಪಸು ಬಂದಿದ್ದಾಳೆ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಕಂಡು ಎದೆ ಹಗುರಾಯಿತು.

ಸಂಜೆ ಬಾಗಿಲು ತಟ್ಟಿದ ಸದ್ದು. ಅವಳೇ. ಇಸ್ತ್ರಿ ಮಾಡಿದ ನೀಲಿ ಕೋಟು ಕೈಯಲ್ಲಿ. ಒಳಗೆ ಬಾ ಅನ್ನುವಷ್ಟರಲ್ಲಿ ಕೋಟಿನ ಮೇಲೆ ಒಂದು ಚೀಟಿ ಇಟ್ಟು ಮುಂದೆ ಚಾಚಿದಳು.

"ಬಿಲ್ಲು, ಮೇಡಂ."

ಸಡಿಲ ಮಾಡಿದ್ದಕ್ಕೆ ಇಷ್ಟು, ತೋಳು ಮಡಿಚಿದ್ದಕ್ಕೆ ಇಷ್ಟು, ಇಸ್ತ್ರಿಗೆ ಇಷ್ಟು. ನಾನು ಒಳಗೆ ಹೋಗಿ ದುಡ್ಡು ತಂದೆ. ಚಿಲ್ಲರೆ ನೀನೇ ಇಟ್ಟುಕೋ ಅಂದೆ. ಇಟ್ಟುಕೊಳ್ಳಲಿಲ್ಲ. ಕೊನೆಯ ನಾಣ್ಯದವರೆಗೂ ಎಣಿಸಿ ನನ್ನ ಅಂಗೈಗೆ ಹಾಕಿದಳು.

"ಎಲ್ರಿಗೂ ಇದೇ ರೇಟು," ಅಂದು ಮೆಟ್ಟಿಲು ಇಳಿದಳು.

ಸೆಪ್ಟೆಂಬರ್ ೬, ಶನಿವಾರ

ಕೋಟು ಹಾಕಿಕೊಂಡು ಕ್ಲಿನಿಕ್ಕಿಗೆ ಹೋದೆ. ಅಳತೆ ತೆಗೆದು ಹೊಲಿದ ಹಾಗೆ ಮೈಗೆ ಕೂತಿದೆ. ರೋಗಿಯ ಹೆಸರು ಬರೆದುಕೊಳ್ಳುವಾಗ ಎದೆಯ ಹತ್ತಿರ ಏನೋ ಕೈಗೆ ತಗುಲಿತು. ಬಿಚ್ಚಿ ನೋಡಿದೆ. ಒಳಜೇಬು. ಕನ್ನಡಕ ಜಾರದ ಹಾಗೆ ಆಳವಾಗಿ, ಮೇಲೆ ಒಂದು ಪುಟ್ಟ ಗುಂಡಿ. ಕೋಟಿನಲ್ಲಿ ಬಟ್ಟೆ ಇಲ್ಲವಲ್ಲ, ತನ್ನದೇ ಯಾವುದೋ ಹೂವಿನ ಬಟ್ಟೆಯ ತುಂಡು ಹಾಕಿ ಹೊಲಿದಿದ್ದಾಳೆ. ಬಿಲ್ಲು ತೆಗೆದು ಓದಿದೆ. ಜೇಬಿನ ಲೆಕ್ಕ ಅದರಲ್ಲಿ ಇಲ್ಲ.

ಇನ್ನು ಪುಕ್ಕಟೆ ತೆಗೆದುಕೊಳ್ಳಬಾರದು. ಸಂಜೆ ದುಡ್ಡು ಹಿಡಿದು ಅವಳ ಮೆಟ್ಟಿಲು ಹತ್ತಿದೆ. ಮೂವರೂ ತಲೆ ಎತ್ತಿದರು, ಅವಳೊಬ್ಬಳು ಮತ್ತೆ ತಗ್ಗಿಸಿದಳು.

"ಜೇಬಿಂದು ಬಿಟ್ಟುಹೋಗಿದೆ. ಎಷ್ಟು ಕೊಡ್ಲಿ?" ಅಂದೆ.

ಅವಳು ಹೊಲಿಯುತ್ತಿದ್ದ ಸಾಲು ಮುಗಿಸಿದಳು. ದಾರ ಕಡಿದಳು.

"ಅದು ಜೂನ್‌ನಲ್ಲೇ ಹೊಲಿದಿದ್ದು," ಅಂದಳು. "ಅದಕ್ಕೆ ದುಡ್ಡಿಲ್ಲ."

ಇಳಿದು ಬಂದೆ. ಇನ್ನೆರಡು ದಿನ ಅಕ್ಕ, ಸ್ವಲ್ಪ ಕೆಲಸ ಬಾಕಿ ಅಂದಿದ್ದು ಇದಕ್ಕೇ. ನಾನು ರಾಶಿಯ ತಳ ಅಂತ ಹಲ್ಲು ಕಡಿಯುತ್ತಿದ್ದಾಗ ಅವಳು ಇದನ್ನು ಹೊಲಿಯುತ್ತಿದ್ದಳು.

ಕನ್ನಡಕವನ್ನು ಜೇಬಿಗೆ ಹಾಕಲು ಕೈ ಬರಲಿಲ್ಲ. ಮೇಜಿನ ಮೇಲಿಟ್ಟಿದ್ದೇನೆ. ಗೋಡೆಯಾಚೆ ಮಿಷನ್ನು ಓಡುತ್ತಿದೆ. ದೀಪ ಹಚ್ಚುವ ಹೊತ್ತಾಯಿತು, ಇನ್ನೇನು ನಿಲ್ಲಿಸುತ್ತಾಳೆ.